ಡಬ್ಬಿ ಬೇಕಿತ್ತು, ಕಾಗದ ಬಂತು

ಕೊರಿಯರ್ ಹುಡುಗ ಕೈಗಿಟ್ಟ ಪೊಟ್ಟಣ ಎತ್ತಿದಾಗಲೇ ಅನುಮಾನ ಬಂತು. ತೀರಾ ಹಗುರ. ಆಯಿಲ್ ಫಿಲ್ಟರ್ ಅಂದರೆ ಎಂಜಿನ್ ಆಯಿಲ್ ಸೋಸುವ ತಗಡಿನ ಡಬ್ಬಿ, ಸ್ವಲ್ಪವಾದರೂ ತೂಕ ಇರಬೇಕು ಅಲ್ವಾ? ಬಿಚ್ಚಿ ನೋಡಿದರೆ ಒಳಗೆ ಡಬ್ಬಿಯೇ ಇಲ್ಲ. ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆ ಮಡಿಕೆಯಾಗಿ ಸುತ್ತಿದ ಕಾಗದ, ನಡುವೆ ಒಂದು ತೂತು, ಜೊತೆಗೆ ಬಳೆಯಂಥ ಒಂದು ರಬ್ಬರ್ ರಿಂಗು. ಅಷ್ಟೇ.

ಆರ್ಡರ್ ಮಾಡುವಾಗ ನಾನು ತಪ್ಪೇನೂ ಮಾಡಿರಲಿಲ್ಲ, ಅಂದರೆ ಹಾಗಂದುಕೊಂಡಿದ್ದೆ. ಕಂಪನಿ ಹ್ಯುಂಡೈ, ಕಾರು ಐ20, ವರ್ಷ 2013 ಅಂತ ಒತ್ತಿದೆ, ನಿಮ್ಮ ಕಾರಿಗೆ ಹೊಂದುತ್ತದೆ ಅಂತ ಹಸಿರು ಟಿಕ್ ಬಂತು, ದುಡ್ಡು ಕಟ್ಟಿದೆ. ಪೆಟ್ರೋಲಾ ಡೀಸೆಲಾ ಅಂತ ಆ ಆಪ್ ಕೇಳಲೇ ಇಲ್ಲ. ಹೇಳಬೇಕು ಅಂತ ನನಗೂ ಹೊಳೆಯಲಿಲ್ಲ.

ನಾನು ಈ ಕೆಲಸಕ್ಕೆ ಕೈ ಹಾಕಿದ್ದೇ ಒಂದು ಸದ್ದಿನಿಂದ. ಹೋದ ಸಲ ಮನೆ ಹತ್ತಿರದ ಒಂದು ಗ್ಯಾರೇಜಿನಲ್ಲಿ ಆಯಿಲ್ ಬದಲಾಯಿಸಿದ್ದರು (ಹೆಸರು ಬೇಡ, ಈಗಲೂ ದಾರಿಯಲ್ಲಿ ಸಿಕ್ಕರೆ ನಗುತ್ತೇವೆ). ಅದಾದ ಮೇಲೆ ಬೆಳಿಗ್ಗೆ ಮೊದಲ ಸಲ ಸ್ಟಾರ್ಟ್ ಮಾಡಿದಾಗ ಎಂಜಿನ್ನಿನಿಂದ ಎರಡು ಮೂರು ಸೆಕೆಂಡು ಕಟಕಟ ಅಂತ ಸದ್ದು. ಆಮೇಲೆ ಸುಮ್ಮನಾಗುತ್ತದೆ. ಸಂಜೆ ಮತ್ತೆ ಸ್ಟಾರ್ಟ್ ಮಾಡಿದರೆ ಸದ್ದೇ ಇಲ್ಲ. ರಾತ್ರಿ ಪೂರ್ತಿ ನಿಂತ ಮೇಲೆ ಮಾತ್ರ. ಡಿಪ್‌ಸ್ಟಿಕ್ ಎಳೆದು ನೋಡಿದೆ, ಆಯಿಲ್ ಮಟ್ಟ ಸರಿಯಾಗೇ ಇತ್ತು. ನಮ್ಮೂರಿನ ಕಡೆ ಒಬ್ಬ ಮೆಕ್ಯಾನಿಕ್ ಅಣ್ಣ ಇದ್ದಾರೆ, ಫೋನಿನಲ್ಲೇ ಸದ್ದು ಕೇಳಿಸಿದೆ. ‘ಫಿಲ್ಟರ್ ಯಾವ್ದು ಹಾಕಿದಾರೆ ನೋಡಪ್ಪ ಮೊದ್ಲು’ ಅಂದರು. ಬಗ್ಗಿ ಟಾರ್ಚ್ ಬಿಟ್ಟು ನೋಡಿದರೆ ಡಬ್ಬಿಯ ಮೇಲೆ ಯಾವ ಕಂಪನಿಯ ಹೆಸರೂ ಇಲ್ಲ. ಸ್ಯಾಂಟ್ರೋ, ಐ10, ಐ20, ಇನ್ನೂ ಒಂದೆರಡು ಹೆಸರು ಸಾಲಾಗಿ ಇದ್ದವು. ಒಂದೇ ಚಪ್ಪಲಿ, ಮನೆಮಂದಿಗೆಲ್ಲ ಆಗುತ್ತದೆ ಅನ್ನೋ ಹಾಗೆ.

ಸರಿ, ಕಾಗದದ ಫಿಲ್ಟರನ್ನು ಚೀಲಕ್ಕೆ ಹಾಕಿಕೊಂಡು ಶನಿವಾರ ಜೆ.ಸಿ. ರೋಡಿಗೆ ಹೋದೆ. ಕಾರು ತಗೊಂಡು ಹೋಗಲಿಲ್ಲ. ಟೌನ್ ಹಾಲ್‌ಗೂ ಮಿನರ್ವ ಸರ್ಕಲ್‌ಗೂ ನಡುವೆ ಕಾರು ಸ್ವಲ್ಪ ನಿಧಾನ ಮಾಡಿದರೂ ಸಾಕು, ಸೀಟ್ ಕವರ್ ಹುಡುಗರು ಕಿಟಕಿ ತಟ್ಟುತ್ತಾರೆ, ಪಾರ್ಕಿಂಗ್ ಅಂತೂ ಕೇಳಲೇ ಬೇಡಿ. ಕೆ.ಆರ್. ಮಾರ್ಕೆಟ್ ಮೆಟ್ರೊದಲ್ಲಿ ಇಳಿದು ನಡೆದುಬಿಟ್ಟೆ. ಸ್ಪೇರ್ ಪಾರ್ಟ್ಸ್ ಅಂಗಡಿಗಳು ಹೇಗಿರುತ್ತವೆ ಅಂತ ಗೊತ್ತಲ್ಲ, ಮುಂದೆ ಆರಡಿ ಕೌಂಟರ್, ಹಿಂದೆ ಗವಿಯಷ್ಟು ಉದ್ದದ ಗೋಡೌನ್.

ಯಜಮಾನರು ಕಾಗದದ ಫಿಲ್ಟರ್ ಕೈಗೆ ತಗೊಂಡರು. ಒಂದು ಸಲ ತಿರುಗಿಸಿ ನೋಡಿ ವಾಪಸ್ ಕೊಟ್ಟರು.

‘ಇದು ಡೀಸೆಲ್ ಗಾಡೀದು ಸರ್. ನಿಮ್ದು ಪೆಟ್ರೋಲಾ?’

‘ಹೌದು. ಆದ್ರೆ ಐ20 ಅಂತಾನೇ ಹಾಕಿದ್ದೆ.’

‘ಐ20 ಅನ್ನೋದು ಬಾಡಿ ಹೆಸರು ಸರ್, ಎಂಜಿನ್ ಹೆಸರಲ್ಲ. ಆರ್‌ಸಿ ಇದ್ಯಾ?’

ಈ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಹತ್ತು ಹನ್ನೆರಡು ವರ್ಷದಿಂದ ಕಾರು ಓಡಿಸುತ್ತಿದ್ದೇನೆ, ಹೀಗೆ ಯೋಚನೆ ಮಾಡಿರಲೇ ಇಲ್ಲ. ಆ ಕಾಲದ ಐ20ಯಲ್ಲಿ ಪೆಟ್ರೋಲ್ ಅಂದರೆ ಹೆಚ್ಚಾಗಿ 1197 ಸಿಸಿಯ ಕಪ್ಪಾ ಎಂಜಿನ್, ಅದಕ್ಕೆ ತಿರುಗಿಸಿ ಕೂರಿಸುವ ತಗಡಿನ ಡಬ್ಬಿ ಫಿಲ್ಟರ್. ಡೀಸೆಲ್ ಅಂದರೆ 1396 ಸಿಸಿಯದು, ಅದಕ್ಕೆ ಕಾರ್ಟ್ರಿಜ್ ಅನ್ನುವ ಬರೀ ಕಾಗದ. ಅದರ ಡಬ್ಬಿ ಎಂಜಿನ್ನಿಗೇ ಅಂಟಿಕೊಂಡು ಕಾಯಂ ಇರುತ್ತದೆ, ಮುಚ್ಚಳ ಬಿಚ್ಚಿ ಒಳಗಿನ ಕಾಗದ, ಮುಚ್ಚಳದ ರಿಂಗು ಎರಡನ್ನೂ ಬದಲಾಯಿಸಬೇಕು. ಹೊರಗಿನಿಂದ ಎರಡೂ ಕಾರು ಒಂದೇ. ನನ್ನ ಕಾರಿಗೆ ಆ ಕಾಗದ ಕೂರಿಸಲು ಜಾಗವೇ ಇಲ್ಲ.

ಸ್ವಿಫ್ಟ್‌ನದ್ದೂ ಇದೇ ಕತೆ. ಪೆಟ್ರೋಲ್ ಸ್ವಿಫ್ಟ್‌ಗೆ ಡಬ್ಬಿ, ಹಳೇ ಡೀಸೆಲ್ ಸ್ವಿಫ್ಟ್‌ಗೆ ಕಾಗದ. ಆ ಡೀಸೆಲ್ ಎಂಜಿನ್ ಮಾರುತಿಯ ಸ್ವಂತದ್ದೂ ಅಲ್ಲ, ಫಿಯೆಟ್‌ನ 1.3 ಲೀಟರ್ ಮಲ್ಟಿಜೆಟ್. ಅದೇ ಎಂಜಿನ್ ಡಿಜೈರ್, ರಿಟ್ಜ್, ಟಾಟಾ ವಿಸ್ತಾ, ಫಿಯೆಟ್ ಪುಂಟೊ ಅಂತ ಎಷ್ಟು ಕಾರಿನಲ್ಲಿ ಕೂತಿತ್ತು ಅಂದರೆ ಜನ ಅದಕ್ಕೆ ನ್ಯಾಷನಲ್ ಎಂಜಿನ್ ಅಂತಲೇ ಹೆಸರಿಟ್ಟಿದ್ದರು. 2020ರ ಏಪ್ರಿಲ್‌ನಲ್ಲಿ ಬಿಎಸ್6 ಹೊಗೆ ನಿಯಮ ಬಂದಾಗ ಮಾರುತಿ ಅದನ್ನು ಬಿಟ್ಟಿತು. ಅಂದರೆ ಒಂದು ಕಡೆ ಒಂದೇ ಹೆಸರಿನ ಕಾರಿಗೆ ಎರಡು ಎಂಜಿನ್, ಇನ್ನೊಂದು ಕಡೆ ಒಂದೇ ಎಂಜಿನ್ನಿಗೆ ಹತ್ತು ಹೆಸರು. ಇದರಲ್ಲಿ ಹೆಸರು ಹಿಡಕೊಂಡು ಫಿಲ್ಟರ್ ಹುಡುಕಿದರೆ ನನ್ನ ಹಾಗೇ ಆಗುತ್ತದೆ.

ಆರ್‌ಸಿಯ ಫೋಟೊ ಮೊಬೈಲಲ್ಲಿ ಇತ್ತು. ಅದರಲ್ಲಿ ಚಾಸಿಸ್ ನಂಬರ್ ಅಂತ ಇರುತ್ತದಲ್ಲ, 17 ಅಕ್ಷರ ಅಂಕಿಗಳದ್ದು, ಅದು ಬೇಕಂತೆ. ನನ್ನದು ಎಂಎಎಲ್ ಅಂತ ಶುರುವಾಗುತ್ತದೆ, ಅಂದರೆ ಹ್ಯುಂಡೈಯ ಇಂಡಿಯಾ ಕಾರ್ಖಾನೆಯದ್ದು. ಮಾರುತಿ ಆದರೆ ಎಂಎ3. (ಇಷ್ಟು ವರ್ಷ ಆರ್‌ಸಿಯಲ್ಲಿ ಮಾಲ್ ಅಂತ ಬರಕೊಂಡು ಓಡಾಡಿದ್ದೇನೆ, ಗೊತ್ತೇ ಇರಲಿಲ್ಲ.) ಯಜಮಾನರು ಅದನ್ನು ಕಂಪ್ಯೂಟರಿಗೆ ಹಾಕಿದರು, ಒಂದು ನಂಬರ್ ಬಂತು, ಒಳಗೆ ಕೂಗಿದರು. ಹುಡುಗ ಡಬ್ಬ ತಂದಿಟ್ಟ. 26300-35503.

ಈಗ ನಾನು ಬುದ್ಧಿವಂತಿಕೆ ತೋರಿಸಿದೆ. ಹಿಂದಿನ ರಾತ್ರಿ ಒಂದು ಕಡೆ ಓದಿದ್ದೆ, ಅಲ್ಲಿ 35504 ಅಂತ ಇತ್ತು, ಇನ್ನೊಂದು ಕಡೆ 35505. ‘ನಂಬರೇ ನೋಡ್ಬೇಕು ಅಂದ್ರಿ, ಇದು ಬೇರೆ ನಂಬರಲ್ವಾ?’ ಅಂದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ, ಕೂರಿಸಿ ಹೇಳಿದರು. ಮೊದಲ ಐದು ಅಂಕಿ ಸಾಮಾನು ಏನು ಅಂತ ಹೇಳುತ್ತವೆ. 26300 ಅಂದರೆ ಡಬ್ಬಿ ಫಿಲ್ಟರ್, 26320 ಅಂದರೆ ಕಾಗದದ್ದು. ಮುಂದಿನದ್ದು ಯಾವ ಎಂಜಿನ್ ಗುಂಪಿನದ್ದು ಅನ್ನೋದಕ್ಕೆ. ಕೊನೆಯ ಒಂದಂಕಿ ಮಾತ್ರ 3, 4, 5 ಅಂತ ಮುಂದೆ ಹೋಗಿದ್ದರೆ ಕಂಪನಿ ಅದೇ ಸಾಮಾನಿನಲ್ಲಿ ಏನೋ ಸಣ್ಣ ಬದಲಾವಣೆ ಮಾಡಿ ಹೊಸ ನಂಬರ್ ಕೊಟ್ಟಿದೆ ಅಂತ, ಹಳೇದರ ಜಾಗಕ್ಕೆ ಹೊಸದು ಹೋಗುತ್ತದೆ. ಹಾಗಂತ ಎಲ್ಲ ನಂಬರಿಗೂ ಈ ಲೆಕ್ಕ ಹಾಕಿಕೊಂಡು ಕೂರಬೇಡಿ, ಅಂಗಡಿಯವರ ಕೈಯಲ್ಲಿ ಹಳೇ ನಂಬರಿಗೆ ಹೊಸ ನಂಬರ್ ಯಾವುದು ಅನ್ನೋ ಪಟ್ಟಿಯೇ ಇರುತ್ತದೆ, ಕೇಳಿದರೆ ತೋರಿಸುತ್ತಾರೆ.

ಕಂಪನಿ ಡಬ್ಬಿಯೇ ಬೇಕಾ ಅಂತ ನೀವು ಕೇಳಬಹುದು. ಬೇಕಂತಿಲ್ಲ. ಹೆಸರಾಂತ ಫಿಲ್ಟರ್ ಕಂಪನಿಗಳೆಲ್ಲ ಯಾವ ಕಾರು ಕಂಪನಿ ನಂಬರಿಗೆ ತಮ್ಮದು ಯಾವುದು ಅಂತ ಪಟ್ಟಿ ಕೊಡುತ್ತವೆ. ನನ್ನ ಫಿಲ್ಟರಿಗೆ ಮನ್ ಕಂಪನಿಯದ್ದು ಡಬ್ಲ್ಯು 811/80. ಅವರ ಕಾರ್ಖಾನೆ ನಮ್ಮ ತುಮಕೂರಿನಲ್ಲೇ ಇದೆ, ಜರ್ಮನಿ ಹೆಸರು ನೋಡಿ ಎಲ್ಲಿಂದಲೋ ತರಿಸಬೇಕು ಅಂದುಕೊಳ್ಳಬೇಡಿ. ಬಾಷ್, ಪ್ಯುರೊಲೇಟರ್ ಕೂಡ ಎಲ್ಲ ಕಡೆ ಸಿಗುತ್ತವೆ. ಅಂದಹಾಗೆ ಈ ಪ್ಯುರೊಲೇಟರ್ ಅನ್ನೋ ಹೆಸರು ‘ಪ್ಯೂರ್ ಆಯಿಲ್ ಲೇಟರ್’ ಅನ್ನೋದನ್ನು ಕುಗ್ಗಿಸಿ ಮಾಡಿದ್ದು. 1923ರಲ್ಲಿ ಅಮೆರಿಕದಲ್ಲಿ ಅರ್ನೆಸ್ಟ್ ಸ್ವೀಟ್‌ಲ್ಯಾಂಡ್ ಮತ್ತೆ ಜಾರ್ಜ್ ಗ್ರೀನ್‌ಹಾಲ್ ಅನ್ನೋ ಇಬ್ಬರು ಕಾರಿಗೆ ಆಯಿಲ್ ಫಿಲ್ಟರ್ ಮಾಡಿ ಪೇಟೆಂಟಿಗೆ ಹಾಕಿದ್ದರು, ಅದರ ಹೆಸರೇ ಇದು.

ನಾನು ಕಂಪನಿಯದ್ದೇ ತಗೊಂಡೆ, ಆಸೆಗಿಂತ ಜಾಸ್ತಿ ಸೋಮಾರಿತನದಿಂದ, ಅದು ಕಣ್ಣ ಮುಂದೆ ಇತ್ತು. ನಕಲಿ ಅಲ್ಲ ತಾನೇ ಅಂತ ಕೇಳಿದ್ದಕ್ಕೆ ಯಜಮಾನರು ನಕ್ಕು ಬಿಲ್ ಬರೆದರು. ಬಿಲ್ ಕೊಡೋ ಅಂಗಡಿಯಲ್ಲಿ ತಗೊಳ್ಳಿ, ಅದಕ್ಕಿಂತ ದೊಡ್ಡ ಪರೀಕ್ಷೆ ನಮ್ಮಂಥವರಿಂದ ಆಗಲ್ಲ. ಡಬ್ಬದ ಮೇಲಿನ ಅಕ್ಷರ ಮಸಕಾಗಿದೆಯಾ, ಎಂಆರ್‌ಪಿ ಚೀಟಿ ಇದೆಯಾ, ಡಬ್ಬದ ನಂಬರೂ ಒಳಗಿನ ಫಿಲ್ಟರ್ ಮೇಲಿನ ನಂಬರೂ ಒಂದೇನಾ, ಇಷ್ಟು ನೋಡಬಹುದು.

ಮುಂದಿನ ವಾರ ಊರಿಗೆ ಹೋದಾಗ ಅಣ್ಣನ ಗ್ಯಾರೇಜಿನಲ್ಲೇ ಕಾರು ನಿಲ್ಲಿಸಿದೆ. ಹಳೇ ಫಿಲ್ಟರ್ ಕೈಗೆ ಬರಲೇ ಇಲ್ಲ, ಹಿಂದಿನವರು ಪಾನಾ ಹಾಕಿ ಬಿಗಿದಿದ್ದರು. ಅಣ್ಣ ಬೆಲ್ಟ್ ಹಾಕಿ ತಿರುಗಿಸಿ ಬಿಡಿಸಿದರು. ಕೆಲವರು ಸ್ಕ್ರೂಡ್ರೈವರ್ ಚುಚ್ಚಿ ತಿರುಗಿಸುತ್ತಾರೆ, ಅದೂ ಆಗುತ್ತದೆ, ತಗಡು ಹರಿದು ಆಯಿಲ್ ಮುಖಕ್ಕೆ ಬರಲೂಬಹುದು.

ಬಿಚ್ಚಿದ ತಕ್ಷಣ ಅಣ್ಣ ಮೊದಲು ನೋಡಿದ್ದು ಫಿಲ್ಟರ್ ಅಲ್ಲ, ಎಂಜಿನ್ನಿನ ಮುಖ. ಹಳೇ ರಬ್ಬರ್ ವಾಷರ್ ಡಬ್ಬಿಯ ಜೊತೆ ಬಂತಾ, ಅಲ್ಲೇ ಅಂಟಿಕೊಂಡಿದೆಯಾ ಅಂತ. ಅದು ಅಲ್ಲೇ ಉಳಿದು ಅದರ ಮೇಲೆ ಹೊಸ ಫಿಲ್ಟರ್ ಬಿಗಿದರೆ ಎರಡು ರಬ್ಬರ್ ಒಂದರ ಮೇಲೊಂದು ಕೂರುತ್ತವೆ, ಗಾಡಿ ನಿಂತಲ್ಲಿ ಏನೂ ಆಗಲ್ಲ, ಹೈವೇ ಹತ್ತಿದ ಮೇಲೆ ಪ್ರೆಷರ್‌ಗೆ ಜಾರಿ ಇರೋ ಆಯಿಲೆಲ್ಲ ರಸ್ತೆ ಪಾಲು. ಫಿಲ್ಟರ್ ಎಷ್ಟೇ ಸರಿಯಾದದ್ದು ತಂದರೂ ಈ ಒಂದು ಮರೆವು ಸಾಕು ಎಂಜಿನ್ ಜಾಮ್ ಆಗಿ ಹಾಳಾಗೋದಕ್ಕೆ.

ಹಳೇ ಡಬ್ಬಿಯನ್ನು ಎಸೆಯಲು ಬಿಡಲಿಲ್ಲ ನಾನು. ಎಣ್ಣೆ ಪೂರ್ತಿ ಬಸಿದ ಮೇಲೆ ಆಕ್ಸಾ ಬ್ಲೇಡಿನಲ್ಲಿ ಕೊಯ್ದು ನೋಡೋಣ ಅಂದೆ. ಅಣ್ಣನಿಗೂ ಕುತೂಹಲ ಇತ್ತು, ತೋರಿಸಿಕೊಳ್ಳಲಿಲ್ಲ ಅಷ್ಟೇ, ನಾನು ಕೊಯ್ಯೋದು ಸರಿ ಹೋಗದೆ ಇದ್ದಾಗ ಬ್ಲೇಡ್ ಕಿತ್ಕೊಂಡರು.

ಒಳಗೆ ಏನಿರುತ್ತೆ ಅಂದರೆ, ಡಬ್ಬಿಯ ಮುಖದಲ್ಲಿ ಸುತ್ತ ಸಣ್ಣ ತೂತುಗಳು, ನಡುವೆ ಥ್ರೆಡ್ ಇರೋ ಒಂದು ದೊಡ್ಡ ತೂತು. ಆಯಿಲ್ ಸಣ್ಣ ತೂತುಗಳಿಂದ ಒಳಗೆ ಬಂದು ಕಾಗದವನ್ನು ಹೊರಗಿನಿಂದ ಒಳಗೆ ದಾಟಿ ನಡುವಿನ ತೂತಿನಿಂದ ಎಂಜಿನ್ನಿಗೆ ವಾಪಸ್ ಹೋಗುತ್ತದೆ. ಆ ಸಣ್ಣ ತೂತುಗಳ ಹಿಂದೆ ಒಂದು ರಬ್ಬರ್ ಬಿಲ್ಲೆ ಇರುತ್ತದೆ. ಆಯಿಲ್ ಒಳಗೆ ಬರುವಾಗ ಅದು ಬಾಗುತ್ತದೆ, ಎಂಜಿನ್ ಆಫ್ ಆದಾಗ ಮುಚ್ಚಿಕೊಂಡು ಫಿಲ್ಟರ್ ಒಳಗಿನ ಆಯಿಲ್ ಕೆಳಗೆ ಇಳಿದು ಹೋಗದ ಹಾಗೆ ತಡೆಯುತ್ತದೆ. ಬಾವಿ ಪಂಪಿನ ಫುಟ್ ವಾಲ್ವ್ ನೋಡಿದ್ದೀರಲ್ಲ, ಅದೇ ಕೆಲಸ. ಫುಟ್ ವಾಲ್ವ್ ಹೋದರೆ ಪ್ರತಿ ಸಲ ಪಂಪಿಗೆ ನೀರು ತುಂಬಿಸಬೇಕಲ್ಲ, ಹಾಗೇ ಈ ರಬ್ಬರ್ ಕೆಟ್ಟರೆ ಬೆಳಿಗ್ಗೆ ಫಿಲ್ಟರ್ ಖಾಲಿ, ಅದು ತುಂಬಿ ಆಯಿಲ್ ಎಂಜಿನ್ನಿನ ತಲೆವರೆಗೆ ಹತ್ತುವ ತನಕ ಲೋಹಕ್ಕೆ ಲೋಹ ಬಡಿಯುತ್ತದೆ. ಕಟಕಟ!

ನಮ್ಮ ಹಳೇ ಡಬ್ಬಿಯ ರಬ್ಬರ್ ಒಣಗಿದ ಹಪ್ಪಳದ ಹಾಗೆ ಗಟ್ಟಿಯಾಗಿತ್ತು. ಬೆರಳಲ್ಲಿ ಒತ್ತಿದರೆ ಬಾಗಲಿಲ್ಲ, ಅಂಚು ಒಂದು ಕಡೆ ಮೇಲೆದ್ದು ನಿಂತಿತ್ತು. ಹಾಕಿ ಒಂದು ವರ್ಷವೂ ಆಗಿರಲಿಲ್ಲ. ಈ ಬಿಲ್ಲೆಯನ್ನು ನೈಟ್ರೈಲ್ ರಬ್ಬರಿನಲ್ಲೂ ಮಾಡುತ್ತಾರೆ, ಸಿಲಿಕೋನ್‌ನಲ್ಲೂ ಮಾಡುತ್ತಾರೆ. ನೈಟ್ರೈಲ್ ಸಾಮಾನ್ಯವಾಗಿ ಕಪ್ಪು, ಸಿಲಿಕೋನ್ ಹೆಚ್ಚಾಗಿ ಕಿತ್ತಳೆ ಅಥವಾ ಕೆಂಪು, ಸಣ್ಣ ತೂತಿನಲ್ಲಿ ಇಣುಕಿದರೆ ಬಣ್ಣ ಕಾಣುತ್ತದೆ. ಬಿಸಿಗೆ ಸಿಲಿಕೋನ್ ಜಾಸ್ತಿ ತಾಳುತ್ತದೆ. ಹಾಗಂತ ಕಪ್ಪಾಗಿದ್ದದ್ದೆಲ್ಲ ಕೆಟ್ಟದ್ದು ಅಲ್ಲ, ಒಳ್ಳೆ ನೈಟ್ರೈಲ್ ಮುಂದಿನ ಆಯಿಲ್ ಬದಲಾವಣೆವರೆಗೆ ಆರಾಮಾಗಿ ಬರುತ್ತದೆ. ಫಿಲ್ಟರ್ ಅಡ್ಡವಾಗಿ ಅಥವಾ ಬಾಯಿ ಕೆಳಗಾಗಿ ಕೂರೋ ಕಾರುಗಳಲ್ಲಿ ಈ ರಬ್ಬರಿನ ಮೇಲೆ ಜಾಸ್ತಿ ಭಾರ. ಬಾಯಿ ಮೇಲಾಗಿ ನೇತಾಡೋ ಕಾರಿನಲ್ಲಿ ಆಯಿಲ್ ತಾನಾಗೇ ಡಬ್ಬಿಯಲ್ಲಿ ನಿಂತಿರುತ್ತದೆ.

ಇನ್ನೊಂದು ವಾಲ್ವ್ ಇದೆ, ಬೈಪಾಸ್. ಕಾಗದ ಕಟ್ಟಿಕೊಂಡರೆ ಅಥವಾ ಚಳಿಗೆ ಆಯಿಲ್ ಮಂದವಾಗಿ ಕಾಗದ ದಾಟದೆ ಹೋದರೆ ಇದು ತೆರೆದುಕೊಂಡು ಸೋಸದ ಆಯಿಲನ್ನೇ ಎಂಜಿನ್ನಿಗೆ ಬಿಡುತ್ತದೆ. ಕೊಳೆ ಆಯಿಲಾದರೂ ಸರಿ, ಆಯಿಲೇ ಇಲ್ಲದೆ ಓಡೋದಕ್ಕಿಂತ ವಾಸಿ ಅನ್ನೋ ಲೆಕ್ಕ. ಎಷ್ಟು ಒತ್ತಡಕ್ಕೆ ತೆರೆಯಬೇಕು ಅನ್ನೋದು ಎಂಜಿನ್ನಿಂದ ಎಂಜಿನ್ನಿಗೆ ಬೇರೆ. ಕೆಲವು ಎಂಜಿನ್ನುಗಳಲ್ಲಂತೂ ಈ ವಾಲ್ವ್ ಎಂಜಿನ್ ಒಳಗೇ ಇರುತ್ತದೆ, ಅಂಥವುಗಳ ಫಿಲ್ಟರಿನಲ್ಲಿ ಇರೋದೇ ಇಲ್ಲ. ಅಂಥ ಒಂದು ಡಬ್ಬಿಯನ್ನು ತಂದು ವಾಲ್ವ್ ಬೇಕಾದ ಎಂಜಿನ್ನಿಗೆ ಬಿಗಿದರೆ ಹೊರಗಿನಿಂದ ಏನೇನೂ ಗೊತ್ತಾಗಲ್ಲ, ಅಳತೆ ಒಂದೇ, ಥ್ರೆಡ್ ಒಂದೇ, ಬಣ್ಣವೂ ಒಂದೇ ಇರಬಹುದು.

ಥ್ರೆಡ್ ವಿಷಯ ಬಂತಲ್ಲ, ಅಣ್ಣ ಹೇಳಿದ್ದರಲ್ಲಿ ನನಗೆ ನಿಜಕ್ಕೂ ಭಯ ಹುಟ್ಟಿಸಿದ್ದು ಇದು. ಹ್ಯುಂಡೈ, ಹೋಂಡಾ, ಸುಜುಕಿ ಪೆಟ್ರೋಲ್ ಕಾರುಗಳಲ್ಲಿ ಹೆಚ್ಚಾಗಿ ಎಂ20×1.5 ಥ್ರೆಡ್, ಅಂದರೆ 20 ಮಿ.ಮೀ. ಅಗಲ, ಒಂದೂವರೆ ಮಿ.ಮೀ.ಗೆ ಒಂದು ಸುತ್ತು. ಟೊಯೋಟಾದ ಹಲವು ಪೆಟ್ರೋಲ್ ಕಾರುಗಳಲ್ಲಿ ಮುಕ್ಕಾಲು ಇಂಚಿನ, ಇಂಚಿಗೆ 16 ಸುತ್ತಿನ ಥ್ರೆಡ್. ಮುಕ್ಕಾಲು ಇಂಚು ಅಂದರೆ 19.05 ಮಿ.ಮೀ. ಒಂದು ಮಿ.ಮೀ. ಕೂಡ ವ್ಯತ್ಯಾಸ ಇಲ್ಲ ನೋಡಿ! 20ರ ಫಿಲ್ಟರನ್ನು ಎಂಜಿನ್ನಿನಿಂದ ಚಾಚಿಕೊಂಡಿರೋ ಮುಕ್ಕಾಲು ಇಂಚಿನ ಥ್ರೆಡ್ ಕಂಬಿಗೆ ಹಾಕಿದರೆ ಸಡಿಲವಾಗಿ ತಿರುಗಿಕೊಂಡು ಹೋಗಿ ಕೊನೆಗೆ ಬಿಗಿಯಾದ ಹಾಗೇ ಅನ್ನಿಸುತ್ತದೆ, ಲೀಕೂ ಆಗಲ್ಲ. ಥ್ರೆಡ್ಡಿನ ತುದಿ ತುದಿ ಮಾತ್ರ ಕಚ್ಚಿಕೊಂಡಿರುತ್ತದೆ. ಮುಂದೆ ಯಾವತ್ತೋ ಒಂದು ಬೆಳಿಗ್ಗೆ ಆಯಿಲ್ ಗಟ್ಟಿಯಾಗಿದ್ದು ಪ್ರೆಷರ್ ಏರಿದಾಗ ಡಬ್ಬಿ ಕಿತ್ತು ಬರುತ್ತದೆ. ಉಲ್ಟಾ ಮಾಡಿದರೆ, ಅಂದರೆ ಸಣ್ಣ ಥ್ರೆಡ್ಡಿನ ಫಿಲ್ಟರನ್ನು ದೊಡ್ಡ ಕಂಬಿಗೆ ಹಾಕಲು ಹೋದರೆ, ಶುರುವಿನಲ್ಲೇ ಸಿಕ್ಕಿಹಾಕಿಕೊಂಡು ಗೊತ್ತಾಗಿಬಿಡುತ್ತದೆ. ಹಾಗಾಗಿ ‘ಕೂತ್ಕೊಂತು ಸರ್, ಸರಿಯಾಗಿದೆ’ ಅಂತ ಯಾರಾದರೂ ಅಂದರೆ ಈಗ ನನಗೆ ಸಮಾಧಾನ ಆಗಲ್ಲ.

ಹೊಸದನ್ನು ಹಾಕಿದ್ದು ಐದು ನಿಮಿಷದ ಕೆಲಸ. ರಬ್ಬರಿಗೆ ಬೆರಳಲ್ಲಿ ಹೊಸ ಆಯಿಲ್ ಸವರಿ, ಕೈಯಲ್ಲೇ ತಿರುಗಿಸಿ, ರಬ್ಬರ್ ಎಂಜಿನ್ನಿಗೆ ತಾಗಿದ ಮೇಲೆ ಇನ್ನು ಮುಕ್ಕಾಲು ಸುತ್ತು, ಅಷ್ಟೇ. ಪಾನಾ ಬೇಡ. ಆಯಿಲ್ ತುಂಬಿ ಸ್ಟಾರ್ಟ್ ಮಾಡಿದಾಗ ಆಯಿಲ್ ಲೈಟ್ ಕೆಲವು ಸೆಕೆಂಡಿನಲ್ಲಿ ಆರಿತು, ಕೆಳಗೆ ಬಗ್ಗಿ ನೋಡಿದೆವು, ಒಣಗಿತ್ತು. ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಡಿಪ್‌ಸ್ಟಿಕ್ ನೋಡಿದರು, ಹೊಸ ಫಿಲ್ಟರ್ ಒಂದಿಷ್ಟು ಆಯಿಲ್ ಕುಡಿದಿರುತ್ತದಲ್ಲ. ಹಳೇ ಆಯಿಲ್ ಅಣ್ಣನ ಡ್ರಮ್ಮಿಗೆ ಹೋಯಿತು, ಅದನ್ನು ತಗೊಳ್ಳೋಕೆ ಬರೋವರು ಬೇರೆ ಇದ್ದಾರೆ. ಮನೆಯಲ್ಲಿ ಮಾಡಿಕೊಂಡರೆ ದಯವಿಟ್ಟು ಚರಂಡಿಗೆ ಸುರೀಬೇಡಿ, ಕ್ಯಾನಿಗೆ ತುಂಬಿ ಯಾವುದಾದರೂ ಗ್ಯಾರೇಜಿಗೆ ಕೊಡಿ.

ಮಾರನೆಯ ದಿನ ಬೆಳಿಗ್ಗೆ ಆರಕ್ಕೆ ಎದ್ದು ಹಲ್ಲೂ ಉಜ್ಜದೆ ಹೋಗಿ ಸ್ಟಾರ್ಟ್ ಮಾಡಿದೆ. ಸದ್ದಿಲ್ಲ. ಅದರ ಮರುದಿನವೂ ಇಲ್ಲ. ಅಣ್ಣ ಮಾತ್ರ ‘ಎಲ್ಲ ಸದ್ದಿಗೂ ಫಿಲ್ಟರೇ ಕಾರಣ ಅಂತ ಊರೆಲ್ಲ ಹೇಳ್ಕೊಂಡು ಬರ್ಬೇಡ’ ಅಂತ ಬೈದೇ ಕಳಿಸಿದರು. ಆಯಿಲ್ ಕಡಿಮೆ ಇದ್ದರೂ, ಗ್ರೇಡ್ ತಪ್ಪಿದರೂ, ಎಂಜಿನ್ ಒಳಗಿನ ಚೈನ್ ಸಡಿಲ ಆದರೂ ಬೆಳಿಗ್ಗೆ ಸದ್ದು ಬರುತ್ತದಂತೆ.

ವಾಪಸ್ ಬಂದ ಮೇಲೆ ಈ ಕತೆಯನ್ನು ಅಪಾರ್ಟ್‌ಮೆಂಟಿನಲ್ಲಿ ಹೇಳಿದ್ದೇ ತಪ್ಪಾಯಿತು. ಒಬ್ಬರು ‘ನೀವು ಇನ್ನೂ ದೊಡ್ಡ ಡಬ್ಬಿ ಹಾಕ್ಬೇಕಿತ್ತು, ಜಾಸ್ತಿ ಸೋಸುತ್ತೆ’ ಅಂದರು. ಉದ್ದದ ಡಬ್ಬಿಯ ಬೈಪಾಸ್ ಒತ್ತಡ ಬೇರೆ ಇರಬಹುದು, ಕೆಳಗೆ ಜೋತುಬಿದ್ದರೆ ನಮ್ಮ ಹಂಪುಗಳಿಗೆ ಮೊದಲು ತಾಗೋದು ಅದೇ. ಇನ್ನೊಬ್ಬರು ಮೈಕ್ರಾನ್ ಲೆಕ್ಕ ತೆಗೆದರು, ಅಂದರೆ ಫಿಲ್ಟರ್ ಎಷ್ಟು ಸಣ್ಣ ಕೊಳೆ ಹಿಡಿಯುತ್ತೆ ಅನ್ನೋದು, ಮಿ.ಮೀ.ನ ಸಾವಿರದ ಒಂದು ಭಾಗ ಒಂದು ಮೈಕ್ರಾನ್. 20 ಮೈಕ್ರಾನಿನದ್ದು ಹಾಕಬೇಕಂತೆ. ನಮ್ಮ ತಲೆಕೂದಲು ಸುಮಾರು 70 ಮೈಕ್ರಾನ್ ದಪ್ಪ, ಹಾಗಾಗಿ ಕೇಳೋಕೆ ಚೆನ್ನಾಗಿದೆ. ಆದರೆ 20 ಮೈಕ್ರಾನ್ ಅಂತ ಬರೆದರೆ ಆ ಗಾತ್ರದ ಕಣಗಳಲ್ಲಿ ನೂರಕ್ಕೆ ಎಷ್ಟನ್ನು ಹಿಡಿಯುತ್ತದೆ ಅಂತಲೂ ಬರೆಯಬೇಕು. ಐವತ್ತನ್ನು ಹಿಡಿಯೋದೂ 20 ಮೈಕ್ರಾನೇ, ತೊಂಬತ್ತೊಂಬತ್ತನ್ನು ಹಿಡಿಯೋದೂ 20 ಮೈಕ್ರಾನೇ. ಇದನ್ನು ಅಳೆಯೋದಕ್ಕೆ ಐಎಸ್‌ಒ 4548-12 ಅಂತ ಒಂದು ಪರೀಕ್ಷೆ ಇದೆ, ಅದರ ಫಲಿತಾಂಶ ಡಬ್ಬದ ಮೇಲೆ ಇಲ್ಲದಿದ್ದರೆ ಬರೀ ಮೈಕ್ರಾನ್ ಅಂಕಿಗೆ ಜಾಸ್ತಿ ಬೆಲೆ ಕೊಡಬೇಡಿ.

ಕಾಗದದ ಫಿಲ್ಟರ್ ಇನ್ನೂ ನನ್ನ ಹತ್ತಿರವೇ ಇದೆ. ಪೊಟ್ಟಣ ಹರಿದಿದ್ದಕ್ಕೆ ವಾಪಸ್ ತಗೊಳ್ಳಲ್ಲ ಅಂದುಬಿಟ್ಟರು. ಮೂರನೇ ಮಹಡಿಯವರ ಹತ್ತಿರ ಡೀಸೆಲ್ ಐ20 ಇದೆ, ಬಣ್ಣ ಕೂಡ ನನ್ನ ಕಾರಿನದ್ದೇ. ಲಿಫ್ಟಿನಲ್ಲಿ ಸಿಕ್ಕಾಗ ‘ನಂಗೆ ಕೊಡಿ ಸರ್ ಅದನ್ನ, ಐ20 ತಾನೇ, ಅರ್ಧ ದುಡ್ಡು ಕೊಡ್ತೀನಿ’ ಅಂದರು. ಕೊಡ್ತೀನಿ, ಮೊದಲು ಚಾಸಿಸ್ ನಂಬರ್ ಕಳಿಸಿ ಅಂದೆ. ಹತ್ತು ದಿನ ಆಯಿತು, ಇನ್ನೂ ಆರ್‌ಸಿ ಹುಡುಕುತ್ತಿದ್ದಾರೆ.